ರಾಜಕಥೆಯ ವಾಚನ: ವಿಕಥೆಯೆ, ಸ್ವಾಧ್ಯಾಯವೆ?

ಕಳೆದ ಚಾತುರ್ಮಾಸದ ಒಂದು ಭಾನುವಾರ ಸುದ್ದಗುಂಟೆಪಾಳ್ಯದ ನಮ್ಮ ಮನೆಯಲ್ಲಿ ಸ್ವಾಧ್ಯಾಯ ಕೂಟ ಸೇರಿತ್ತು. ಕೂಟ ಮುಗಿದ ಮೇಲೆ ಹಿರಿಯರೊಬ್ಬರು ನನ್ನ ಪುಸ್ತಕದ ಬೀರುವಿನ ಮುಂದೆ ನಿಂತರು. ಅದರ ಮೇಲಿನ ಎರಡು ಸಾಲುಗಳಲ್ಲಿ ‘ಗೊಮ್ಮಟಸಾರ’, ‘ಸರ್ವಾರ್ಥಸಿದ್ಧಿ’, ‘ರತ್ನಕರಂಡಕ ಶ್ರಾವಕಾಚಾರ’ ಮೊದಲಾದ ಶಾಸ್ತ್ರಗ್ರಂಥಗಳಿವೆ. ಕೆಳಗಿನ ಮೂರು ಸಾಲುಗಳಲ್ಲಿ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಗಳಿಂದ ಹಲವು ವರ್ಷಗಳಲ್ಲಿ ಕೊಂಡು ತಂದ ಇಂಗ್ಲೆಂಡಿನ ಮಧ್ಯಯುಗದ ಅರಸರ ಚರಿತ್ರೆಗಳು, ಗಂಗ-ರಾಷ್ಟ್ರಕೂಟ-ಹೊಯ್ಸಳರ ಇತಿಹಾಸಗಳು, ಐತಿಹಾಸಿಕ ಕಾದಂಬರಿಗಳು ತುಂಬಿವೆ. ಅವರು ನಗುತ್ತಲೇ ಕೇಳಿದರು: “ರಾಜಕಥೆ ನಾಲ್ಕು ವಿಕಥೆಗಳಲ್ಲಿ ಒಂದಲ್ಲವೆ? ಮೇಲಿನ ಎರಡು ಸಾಲು ಬೇಡವೆಂದದ್ದನ್ನು ಕೆಳಗಿನ ಮೂರು ಸಾಲುಗಳಲ್ಲಿ ಜೋಡಿಸಿಟ್ಟಿದ್ದೀರಲ್ಲ!”

ಅಂದು ನಾನೂ ನಕ್ಕು ಸುಮ್ಮನಾದೆ. ಆದರೆ ಅದೇ ವಾರ ಇನ್ನೊಂದು ಪ್ರಸಂಗ ಒದಗಿ ಆ ಪ್ರಶ್ನೆ ನನ್ನನ್ನು ಬಿಡದಂತಾಯಿತು. ಬಹಳ ವರ್ಷಗಳ ಹಿಂದೆ ಒಂದು ಬಸದಿಯ ಪಂಚಕಲ್ಯಾಣ ಮಹೋತ್ಸವದ ಸ್ಮರಣಸಂಚಿಕೆಗೆ ನಾನು ಹೊಯ್ಸಳ ಪಟ್ಟಮಹಿಷಿ ಶಾಂತಲದೇವಿಯ ಬಗ್ಗೆ ಲೇಖನವೊಂದನ್ನು ಬರೆದಿದ್ದೆ. ಅದನ್ನು ಪುನಃ ಮುದ್ರಿಸಲು ಅಪ್ಪಣೆ ಕೇಳಿ ಟ್ರಸ್ಟಿನಿಂದ ಪತ್ರ ಬಂದಿತು. ಸಂಚಿಕೆಯನ್ನು ತೆಗೆದು ಓದಿದೆ. ಶಾಂತಲೆ ಶಿವಗಂಗೆಯ ಬೆಟ್ಟದಿಂದ ಧುಮುಕಿ ಪ್ರಾಣ ಬಿಟ್ಟಳೆಂದೂ, ಮತಾಂತರಗೊಂಡ ವಿಷ್ಣುವರ್ಧನನು ಜೈನರನ್ನು ಗಾಣಕ್ಕೆ ಹಾಕಿ ಅರೆಸಿದನೆಂದೂ ನಾನೇ ಬರೆದಿದ್ದೆ. ಎರಡೂ ಕಡೆ “ಶಾಸನಗಳು ಹೇಳುವಂತೆ” ಎಂಬ ಮಾತನ್ನೂ ಸೇರಿಸಿದ್ದೆ. ಯಾವ ಶಾಸನವೆಂದು ಆಗ ನಾನು ನೋಡಿರಲಿಲ್ಲ. ಈ ಲೇಖನವು ಒಂದು ಕಡೆ ಆ ಹಿರಿಯರಿಗೆ ಉತ್ತರ, ಇನ್ನೊಂದು ಕಡೆ ನನ್ನ ಆ ಬರಹದ ವಿಮರ್ಶೆ.

ಶಾಸ್ತ್ರದ ನಿಲುವು

ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ‘ಗೊಮ್ಮಟಸಾರ’ದ ಜೀವಕಾಂಡದಲ್ಲಿ ಪ್ರಮಾದಗಳನ್ನು ಹದಿನೈದಾಗಿ ಎಣಿಸಿದ್ದಾರೆ: ವಿಕಥೆ ನಾಲ್ಕು, ಕಷಾಯ ನಾಲ್ಕು, ಇಂದ್ರಿಯ ಐದು, ನಿದ್ರೆ ಒಂದು, ಪ್ರಣಯ ಒಂದು. ಸ್ತ್ರೀಕಥೆ, ಭಕ್ತಕಥೆ, ರಾಷ್ಟ್ರಕಥೆ, ರಾಜಕಥೆ ಎಂಬಿವು ಆ ನಾಲ್ಕು ವಿಕಥೆಗಳು. ಈ ಎಣಿಕೆ ಮುಖ್ಯವಾಗಿ ಪ್ರಮತ್ತವಿರತರಾದ ಮುನಿಗಳ ಗುಣಸ್ಥಾನವನ್ನು ಕುರಿತದ್ದೆಂಬುದು ನಿಜ. ಆದರೆ ಇಷ್ಟರಿಂದ ಶ್ರಾವಕನು ಪಾರಾಗುವಂತಿಲ್ಲ. ಸಮಂತಭದ್ರಾಚಾರ್ಯರು ‘ರತ್ನಕರಂಡಕ’ದಲ್ಲಿ ಐದು ಅನರ್ಥದಂಡಗಳನ್ನು ಹೇಳುವಾಗ ದುಃಶ್ರುತಿಯನ್ನೂ ಸೇರಿಸಿದ್ದಾರೆ. ಆರಂಭ, ಪರಿಗ್ರಹ, ಸಾಹಸ, ಮಿಥ್ಯಾತ್ವ, ದ್ವೇಷ, ರಾಗ, ಮದ, ಕಾಮ ಇವುಗಳಿಂದ ಚಿತ್ತವನ್ನು ಕಲಕುವ ಗ್ರಂಥಗಳನ್ನು ಕೇಳುವುದೇ ದುಃಶ್ರುತಿ. ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಅಪಧ್ಯಾನವನ್ನು ವಿವರಿಸುತ್ತ ಇನ್ನೂ ಸೂಕ್ಷ್ಮವಾದ ಮಾತನ್ನು ಹೇಳುತ್ತಾರೆ. ಪರರಿಗೆ ಜಯ, ಪರಾಜಯ, ವಧೆ, ಬಂಧನ, ಅಂಗಚ್ಛೇದ, ಸ್ವತ್ತಿನ ಅಪಹರಣ ಮುಂತಾದವು ಹೇಗಾದೀತು ಎಂದು ಮನಸ್ಸಿನಲ್ಲೇ ಚಿಂತಿಸುವುದು ಅಪಧ್ಯಾನವೆನ್ನುತ್ತಾರೆ.

ಈ ಲಕ್ಷಣವನ್ನು ಓದಿದಾಗ ನನಗೆ ನನ್ನ ರಾತ್ರಿಗಳೇ ನೆನಪಾದವು. ಇಂಗ್ಲೆಂಡಿನಲ್ಲಿ ಲ್ಯಾಂಕಾಸ್ಟರ್ ಮತ್ತು ಯಾರ್ಕ್ ಮನೆತನಗಳ ನಡುವೆ ಹದಿನೈದನೆಯ ಶತಮಾನದಲ್ಲಿ ನಡೆದ ದಾಯಾದಿ ಕಲಹವನ್ನು ಗುಲಾಬಿಗಳ ಯುದ್ಧವೆನ್ನುತ್ತಾರೆ. ಅದನ್ನು ಓದುವವನು ಹತ್ತು ಪುಟ ದಾಟುವುದರೊಳಗೆ ಒಂದು ಪಕ್ಷವನ್ನು ಹಿಡಿದಿರುತ್ತಾನೆ. 1461ರ ಮಾರ್ಚ್ 29ರಂದು ಟೌಟನ್ನಿನಲ್ಲಿ ಸುರಿಯುವ ಹಿಮದ ನಡುವೆ ನಡೆದ ಕದನದಲ್ಲಿ ಸತ್ತವರು 28,000 ಎಂದು ಅಂದಿನ ಪತ್ರಗಳು ಹೇಳುತ್ತವೆ. ಇಂದಿನ ಇತಿಹಾಸಕಾರರು ಅನೇಕರು ಅಷ್ಟು ದೊಡ್ಡ ಸಂಖ್ಯೆಯನ್ನು ಒಪ್ಪುವುದಿಲ್ಲ. ಅದರ ಕಾಲುಭಾಗವೇ ನಿಜವೆಂದರೂ ಅದು ಮಾನವರಕ್ತವೇ. ಆದರೂ ನಾನು ಆ ಪುಟಗಳನ್ನು ಓದುವಾಗ ಗಾಳಿ ಯಾರ ಕಡೆಗೆ ಬೀಸುತ್ತಿದೆ, ಬಾಣಗಳು ಯಾರನ್ನು ತಾಗುತ್ತವೆ ಎಂದು ಉಸಿರು ಬಿಗಿಹಿಡಿದು ಕಾಯುತ್ತಿದ್ದೆ. ಪೂಜ್ಯಪಾದರ ಲಕ್ಷಣ ನನಗೆ ಚ್ಯುತಿಯಿಲ್ಲದೆ ಒಪ್ಪುತ್ತದೆ.

ಹಾಗಾದರೆ ಕೆಳಗಿನ ಮೂರು ಸಾಲುಗಳನ್ನು ಖಾಲಿ ಮಾಡಬೇಕೆ? ಇಲ್ಲಿ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ರಾಜಕಥೆಯನ್ನು ವಿಕಥೆಯೆಂದು ಎಣಿಸಿದ ‘ಗೊಮ್ಮಟಸಾರ’ದ ಹೆಸರಿನಲ್ಲಿರುವ ಗೊಮ್ಮಟನೇ ಚಾವುಂಡರಾಯ. ಅವನು ಗಂಗರ ಮಂತ್ರಿ, ಸೇನಾಪತಿ. ಅವನೇ ಕ್ರಿ.ಶ. 978ರಲ್ಲಿ ತೀರ್ಥಂಕರ-ಚಕ್ರವರ್ತಿಗಳ ಚರಿತೆಯನ್ನು ಕನ್ನಡ ಗದ್ಯದಲ್ಲಿ ಬರೆದನು. ನಮ್ಮ ಪ್ರಥಮಾನುಯೋಗವೆಲ್ಲವೂ ಅರಸರ ಕಥೆಯೇ. ಪಂಪನು 941ರಲ್ಲಿ ‘ಆದಿಪುರಾಣ’ವನ್ನು ಬರೆದಾಗ ಅದರ ನಡುವೆ ನಿಂತದ್ದು ಇಬ್ಬರು ರಾಜಕುಮಾರರ ಆಸ್ತಿಯ ವ್ಯಾಜ್ಯ. ಸಮಂತಭದ್ರರು ಪ್ರಥಮಾನುಯೋಗವನ್ನು ಬೋಧಿ-ಸಮಾಧಿಗಳ ನಿಧಿಯೆಂದೇ ಕೊಂಡಾಡಿದ್ದಾರೆ. ಆದ್ದರಿಂದ ಅರಸನ ಕಥೆಯಾದ ಮಾತ್ರಕ್ಕೆ ಅದು ವಿಕಥೆಯಾಗದು. ಯಾವುದು ಅದನ್ನು ವಿಕಥೆಯನ್ನಾಗಿ ಮಾಡುತ್ತದೆ ಎಂಬುದೇ ವಿಚಾರಣೀಯ.

ರುಚಿಯ ಮೂಲ

ಮೊದಲು ಈ ರುಚಿ ಎಲ್ಲಿಂದ ಬರುತ್ತದೆಂದು ನೋಡೋಣ. ಸಾವಿರಾರು ಮೈಲಿ ದೂರದ ಅರಸರ ಕಥೆ ಒಬ್ಬ ಬೆಂಗಳೂರಿನ ವ್ಯಾಪಾರಿಗೆ ಹಿಡಿಸಲು ಕಾರಣವೇನು? ನನ್ನ ಮಟ್ಟಿಗೆ ಹೇಳುವುದಾದರೆ, ಅವು ಅವಿಭಕ್ತ ಕುಟುಂಬದ ಕಥೆಗಳು. ಇಂಗ್ಲೆಂಡಿನ ಎರಡನೆಯ ಹೆನ್ರಿಗೆ ಬೆಳೆದ ಗಂಡುಮಕ್ಕಳು ನಾಲ್ವರು: ಹೆನ್ರಿ, ರಿಚರ್ಡ್, ಜೆಫ್ರಿ, ಜಾನ್. 1170ರಲ್ಲಿ ತಾನು ಬದುಕಿರುವಾಗಲೇ ಹಿರಿಯ ಮಗನಿಗೆ ಕಿರೀಟ ತೊಡಿಸಿದ. ಆದರೆ ಅಧಿಕಾರವನ್ನೂ ಆದಾಯವನ್ನೂ ಕೊಡಲಿಲ್ಲ. ಅಂಗಡಿಯ ಬೋರ್ಡಿನ ಮೇಲೆ ಮಗನ ಹೆಸರು ಬರೆಸಿ, ತಿಜೋರಿಯ ಬೀಗದಕೈಯನ್ನು ತನ್ನ ಸೊಂಟದಲ್ಲೇ ಉಳಿಸಿಕೊಂಡ ತಂದೆಯರನ್ನು ನಾವು ಕಂಡಿಲ್ಲವೆ? 1173ರಲ್ಲಿ ಮಕ್ಕಳು ತಾಯಿಯೊಡಗೂಡಿ ದಂಗೆಯೆದ್ದರು. 1189ರಲ್ಲಿ ಸಾಯುವ ಕಾಲಕ್ಕೆ ತನ್ನ ವಿರುದ್ಧ ನಿಂತವರ ಪಟ್ಟಿಯಲ್ಲಿ ಮುದ್ದಿನ ಕಿರಿಮಗ ಜಾನನ ಹೆಸರೂ ಇದೆಯೆಂಬುದು ಹೆನ್ರಿಗೆ ತಿಳಿಯಿತು. ಸತ್ತ ಮೇಲೆ ಸೇವಕರು ದೊರೆಯ ಮೈಮೇಲಿನ ಬಟ್ಟೆಯನ್ನೂ ಬಿಡದೆ ದೋಚಿದರೆಂದು ಅಂದಿನ ಬರಹಗಾರರು ಹೇಳುತ್ತಾರೆ.

ಇಂಥ ಪುಟವನ್ನು ಓದಿ ದ್ವಾದಶಾನುಪ್ರೇಕ್ಷೆಗಳಲ್ಲಿ ಅನಿತ್ಯವೂ ಅಶರಣವೂ ನೆನಪಾಗದ ಶ್ರಾವಕನುಂಟೆ? ಇಲ್ಲಿ ರಾಜಕಥೆ ವೈರಾಗ್ಯದ ಬಾಗಿಲವರೆಗೆ ನಮ್ಮನ್ನು ತಂದು ನಿಲ್ಲಿಸುತ್ತದೆ. ಆದರೆ ಆ ಬಾಗಿಲನ್ನು ತೆರೆಯುವವರು ಹೆನ್ರಿಯ ಕಥೆಯಲ್ಲಿ ಯಾರೂ ಇಲ್ಲ. ಭರತ-ಬಾಹುಬಲಿಯರ ಕಥೆಯಲ್ಲಿ ಅದನ್ನು ತೆರೆಯುವವನು ಒಬ್ಬನಿದ್ದಾನೆ. ಮಂತ್ರಿಗಳು ಎರಡು ಸೇನೆಗಳ ಪ್ರಾಣಹಾನಿಯನ್ನು ತಪ್ಪಿಸಲು ದೃಷ್ಟಿ, ಜಲ, ಮಲ್ಲಯುದ್ಧಗಳನ್ನು ಸೂಚಿಸಿದರು. ಮೂರರಲ್ಲೂ ಗೆದ್ದ ತಮ್ಮನೇ ಗೆದ್ದದ್ದನ್ನು ಬಿಟ್ಟು ನಡೆದನು. ಅಲ್ಲಿಂದ ಮುಂದೆ ಓದುಗನು ಯಾರ ಪಕ್ಷವನ್ನು ಹಿಡಿಯಬೇಕು? ಹಿಡಿಯಲು ಪಕ್ಷವೇ ಉಳಿಯುವುದಿಲ್ಲ. ಸತ್ಕಥೆಯ ಗುರುತುಗಳಲ್ಲಿ ಇದೊಂದು.

ಖರ್ಚಿನ ಬಾಬತ್ತು

ಎರಡನೆಯ ಗುರುತನ್ನು ನಾನು ಶಾಸ್ತ್ರದಿಂದಲ್ಲ, ವಾಣಿಜ್ಯಶಾಸ್ತ್ರದ ತರಗತಿಯಿಂದ ಕಲಿತೆ. ಜಮೆಯ ಬಾಬತ್ತು ಇದ್ದಲ್ಲಿ ಖರ್ಚಿನ ಬಾಬತ್ತೂ ಇರಲೇಬೇಕು. ರಾಜಕಥೆಯ ರುಚಿಗೆ ಮರುಳಾದ ಬರಹಗಾರನು ಕೀರ್ತಿಯನ್ನೆಲ್ಲ ಜಮೆ ಬರೆದು ಖರ್ಚಿನ ಪುಟವನ್ನು ಖಾಲಿ ಬಿಡುತ್ತಾನೆ.

ಸಿಂಹಹೃದಯನೆಂದು ಬಿರುದಾಂಕಿತನಾದ ಮೊದಲನೆಯ ರಿಚರ್ಡನನ್ನೇ ತೆಗೆದುಕೊಳ್ಳಿ. 1189ರಿಂದ 1199ರವರೆಗಿನ ಹತ್ತು ವರ್ಷಗಳ ಆಳ್ವಿಕೆಯಲ್ಲಿ ಅವನು ಇಂಗ್ಲೆಂಡಿನಲ್ಲಿ ಕಳೆದದ್ದು ಸುಮಾರು ಆರು ತಿಂಗಳು. 1191ರ ಆಗಸ್ಟಿನಲ್ಲಿ ಏಕರ್ ಪಟ್ಟಣದ ಹೊರಗೆ ಸುಮಾರು 2,700 ಸೆರೆಯಾಳುಗಳನ್ನು ಕೊಲ್ಲಿಸಿದ. ತೀರ್ಥಯುದ್ಧದಿಂದ ಹಿಂದಿರುಗುವಾಗ ಸೆರೆಸಿಕ್ಕ ಅವನನ್ನು ಬಿಡಿಸಲು 1,50,000 ಮಾರ್ಕುಗಳ ಬೆಳ್ಳಿ ಗೊತ್ತಾಯಿತು. ಅದಕ್ಕಾಗಿ ಪ್ರಜೆಗಳ ಆದಾಯದಲ್ಲಿ ನಾಲ್ಕನೆಯ ಒಂದು ಪಾಲನ್ನೂ, ಚರ್ಚುಗಳ ಬೆಳ್ಳಿ-ಬಂಗಾರದ ಪಾತ್ರೆಗಳನ್ನೂ, ಸಿಸ್ಟರ್ಸಿಯನ್ ಮಠಗಳ ಒಂದು ವರ್ಷದ ಉಣ್ಣೆಯನ್ನೂ ಎತ್ತಲಾಯಿತು. ಅವನ ಪರಾಕ್ರಮವನ್ನು ಹಾಡುವ ಕಥೆಗಳಲ್ಲಿ ಉಣ್ಣೆಯ ಮಾತು ಬರುವುದು ಅಪರೂಪ.

ಇನ್ನೊಂದು ಬಾಬತ್ತು ನಮ್ಮಂಥ ಅಲ್ಪಸಂಖ್ಯಾತ ವ್ಯಾಪಾರಿ ಸಮಾಜದವರು ಮರೆಯಬಾರದ್ದು. ರಿಚರ್ಡನ ಪಟ್ಟಾಭಿಷೇಕದ ದಿನವೇ ಲಂಡನ್ನಿನಲ್ಲಿ ಯಹೂದ್ಯರ ಮೇಲೆ ದೊಂಬಿ ಎದ್ದಿತು. 1190ರ ಮಾರ್ಚಿನಲ್ಲಿ ಯಾರ್ಕ್ ನಗರದ ಯಹೂದ್ಯರು ಅರಸನ ಕೋಟೆಯ ಗೋಪುರದಲ್ಲಿ ಆಶ್ರಯ ಪಡೆದಿದ್ದರು. ಸುಮಾರು 150 ಜನ ಅಲ್ಲೇ ಪ್ರಾಣ ಬಿಟ್ಟರು. ದೊಂಬಿಯವರು ಅನಂತರ ನೇರವಾಗಿ ನಗರದ ದೊಡ್ಡ ಚರ್ಚಿಗೆ ಹೋಗಿ, ಅಲ್ಲಿ ಇರಿಸಿದ್ದ ಸಾಲದ ಪತ್ರಗಳನ್ನು ಸುಟ್ಟರು. ಮತದ ಹೆಸರಿನಲ್ಲಿ ಎದ್ದ ಬೆಂಕಿ ಕೊನೆಗೆ ಹುಡುಕಿಕೊಂಡು ಹೋದದ್ದು ಬಾಕಿಯ ಲೆಕ್ಕವನ್ನು! 1194ರಲ್ಲಿ ಸರ್ಕಾರವು ಸಾಲಪತ್ರಗಳ ಎರಡನೆಯ ಪ್ರತಿಯನ್ನು ಪೆಟ್ಟಿಗೆಗಳಲ್ಲಿಡುವ ಏರ್ಪಾಡು ಮಾಡಿತು. ಅದರಿಂದ ಯಹೂದ್ಯರಿಗೆ ಉಂಟಾದ ರಕ್ಷಣೆಗಿಂತ ಅರಸನ ತೆರಿಗೆಗೆ ಒದಗಿದ ರಕ್ಷಣೆಯೇ ಹೆಚ್ಚು. 1290ರಲ್ಲಿ ಮೊದಲನೆಯ ಎಡ್ವರ್ಡನು ಅವರೆಲ್ಲರನ್ನೂ ದೇಶದಿಂದ ಹೊರಗಟ್ಟಿದ.

ಇದನ್ನು ಓದುವುದು ವಿಕಥೆಯೆಂದು ನಾನು ಒಪ್ಪಲಾರೆ. ಸಿಂಹಹೃದಯನ ಖಡ್ಗದ ಝಳಪನ್ನಷ್ಟೇ ಓದಿ ಮಲಗುವುದು ವಿಕಥೆ; ಅದರ ಬೆಲೆಯನ್ನು ತೆತ್ತವರ ಪಟ್ಟಿಯನ್ನೂ ಓದಿ, ಸಾಮಾಯಿಕಕ್ಕೆ ಕುಳಿತಾಗ ಅವರನ್ನೂ ನೆನೆಯುವುದು ಸ್ವಾಧ್ಯಾಯಕ್ಕೆ ಹತ್ತಿರದ್ದು.

ಚಂದ್ರಗಿರಿಯ ರಾಜಕಥೆ

ಈಗ ನಮ್ಮ ನಾಡಿಗೆ ಬರೋಣ. ಶ್ರವಣಬೆಳಗೊಳದ ಚಂದ್ರಗಿರಿಯ ಮೇಲೆ ಕೂಗೆ ಬ್ರಹ್ಮದೇವರ ಕಂಬವಿದೆ. ಯಾತ್ರಿಕರು ಅದನ್ನು ದಾಟಿಕೊಂಡು ಹೋಗುತ್ತಾರೆ. ನಿಂತು ಓದುವವರು ವಿರಳ. ಗಂಗ ದೊರೆ ಎರಡನೆಯ ಮಾರಸಿಂಹನ ವಿಜಯಗಳನ್ನೆಲ್ಲ ಆ ಕಂಬದ ಶಾಸನ ಎಣಿಸುತ್ತದೆ. ಅವನ ಬಿರುದುಗಳಲ್ಲಿ ‘ನೊಳಂಬಕುಲಾಂತಕ’ ಎಂಬುದೂ ಒಂದು. ಒಂದು ಕುಲವನ್ನೇ ಮುಗಿಸಿದೆನೆಂಬುದು ಅದರ ಹೆಮ್ಮೆ. ಇಷ್ಟೂ ಆದ ಮೇಲೆ ಶಾಸನವು ದಿಕ್ಕು ಬದಲಿಸುತ್ತದೆ. ಕ್ರಿ.ಶ. 974ರ ಸುಮಾರಿಗೆ ಮಾರಸಿಂಹನು ರಾಜ್ಯವನ್ನು ತ್ಯಜಿಸಿ, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನಗಳ ಸಲ್ಲೇಖನದಿಂದ ದೇಹವನ್ನು ಬಿಟ್ಟನು.

ಅದೇ ಬೆಟ್ಟದ ಮೇಲೆ, ಗಂಧವಾರಣ ಬಸದಿಯ ಬಳಿಯ ಇನ್ನೊಂದು ಕಂಬವು ರಾಷ್ಟ್ರಕೂಟ ವಂಶದ ಕೊನೆಯ ಕುಡಿಯಾದ ನಾಲ್ಕನೆಯ ಇಂದ್ರನದು. 982ರಲ್ಲಿ ಅವನೂ ಸಲ್ಲೇಖನ ವ್ರತದಿಂದ ಮುಡಿಪಿದನು. ಆ ಶಾಸನದ ಬಹುಭಾಗವನ್ನು ಅವನ ಚೆಂಡಾಟದ ನೈಪುಣ್ಯವೇ ತುಂಬಿಕೊಂಡಿದೆ. ಸಾಮ್ರಾಜ್ಯ ಕೈತಪ್ಪಿ ಹೋದ ಅರಸನ ಸಮಾಧಿಲೇಖದಲ್ಲಿ ಕುದುರೆಯೇರಿ ಆಡುವ ಆಟದ ವರ್ಣನೆ! ಬರೆಸಿದವರು ಮನುಷ್ಯಸಹಜವಾದ ರುಚಿಯನ್ನು ಮರೆಮಾಚಲಿಲ್ಲ. ಆಟವನ್ನೂ ಹೇಳಿದರು, ಅಂತ್ಯವನ್ನೂ ಹೇಳಿದರು. ರಾಜಕಥೆಯನ್ನು ಬರೆಯುವ ಕ್ರಮ ಇದೇ ಎಂದು ನನಗೆ ತೋರುತ್ತದೆ.

ಆದರೆ ಇಲ್ಲಿಯೂ ಖರ್ಚಿನ ಬಾಬತ್ತನ್ನು ಕೇಳಬೇಕು. ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಕಣ್ಣೆಗಾಲದಲ್ಲಿ ಚಾಲುಕ್ಯರ ಪಾಳೆಯದ ಮೇಲೆ ರಾತ್ರಿ ದಾಳಿ ನಡೆಸಿ, ಅವರ ಸಾಮಗ್ರಿ-ವಾಹನಗಳನ್ನು ವಶಪಡಿಸಿಕೊಂಡು ಒಡೆಯನಿಗೆ ಒಪ್ಪಿಸಿದನು. ಮೆಚ್ಚಿದ ಅರಸ ವರವನ್ನು ಬೇಡೆಂದಾಗ ಪರಮ ಎಂಬ ಗ್ರಾಮವನ್ನು ಬೇಡಿ, ತಾಯಿ ಪೋಚಲದೇವಿಯೂ ಹೆಂಡತಿ ಲಕ್ಷ್ಮೀದೇವಿಯೂ ಮಾಡಿಸಿದ ಬಸದಿಗಳಿಗೆ ಅದನ್ನು ಬಿಟ್ಟುಕೊಟ್ಟನು. ಸ್ವಂತಕ್ಕೆ ಏನನ್ನೂ ಬೇಡದ ಆ ನಿಃಸ್ಪೃಹತೆ ವಂದನೀಯ. ಆದರೆ ದಾನದ ಹಿಂದೆ ಒಂದು ರಾತ್ರಿಯ ದಾಳಿಯಿದೆ. ಶ್ರಾವಕನಿಗೆ ಸಂಕಲ್ಪೀ ಹಿಂಸೆ ಮಾತ್ರ ನಿಷಿದ್ಧ, ವಿರೋಧೀ ಹಿಂಸೆ ಅನಿವಾರ್ಯವೆಂದು ನಾವು ಕೂಡಲೇ ಸಮಾಧಾನ ಹೇಳುತ್ತೇವೆ. ನಿದ್ರೆಯಲ್ಲಿದ್ದ ಪಾಳೆಯದ ಮೇಲಿನ ದಾಳಿ ಯಾವ ಹಿಂಸೆಗೆ ಸೇರುತ್ತದೆ? ಉತ್ತರಕ್ಕೆ ಅವಸರ ಪಡದಿರುವುದೇ ಉಚಿತ. ನಮ್ಮವನೆಂಬ ಕಾರಣಕ್ಕೆ ಗಂಗರಾಜನಿಗೆ ಒಂದು ತಕ್ಕಡಿ, ಪರದೇಶದವನೆಂಬ ಕಾರಣಕ್ಕೆ ರಿಚರ್ಡನಿಗೆ ಇನ್ನೊಂದು ತಕ್ಕಡಿ ಹಿಡಿದರೆ ಅದು ಅಚೌರ್ಯವ್ರತದ ಅತಿಚಾರಗಳಲ್ಲಿ ಹೇಳಿದ ಹೀನಾಧಿಕ ಮಾನವೇ ಆದೀತು.

ಶಿವಗಂಗೆಯ ಕಥೆ

ಇಷ್ಟು ಭೂಮಿಕೆಯ ಮೇಲೆ ನನ್ನ ಹಳೆಯ ಲೇಖನದ ಎರಡು ಕಥೆಗಳನ್ನು ಪರಿಶೀಲಿಸುತ್ತೇನೆ. ಶಾಂತಲದೇವಿಯ ಜೀವನ ಕನ್ನಡಿಗರ ಮನಸ್ಸನ್ನು ಬಹುಕಾಲದಿಂದ ಸೆಳೆದಿದೆ. ಕೆ.ವಿ. ಅಯ್ಯರ್ ಅವರ ‘ಶಾಂತಲಾ’, ಸಿ.ಕೆ. ನಾಗರಾಜರಾವ್ ಅವರ ‘ಪಟ್ಟಮಹಾದೇವಿ ಶಾಂತಲದೇವಿ’ ಕಾದಂಬರಿಗಳು ಮನೆಮನೆಯಲ್ಲೂ ಓದಿಸಿಕೊಂಡವು. ನಾಗರಾಜರಾಯರ ಕೃತಿಗೆ ಭಾರತೀಯ ಜ್ಞಾನಪೀಠದ ಮೊದಲ ಮೂರ್ತಿದೇವಿ ಪ್ರಶಸ್ತಿ 1983ರಲ್ಲಿ ಸಂದಿತು. ಕಾದಂಬರಿಕಾರರಿಗೆ ಕಲ್ಪನೆಯ ಹಕ್ಕುಂಟು; ನನ್ನ ಆಕ್ಷೇಪ ಅವರ ಮೇಲಲ್ಲ. ಕಲ್ಪನೆಯನ್ನೂ ಬಾಯಿಮಾತನ್ನೂ ಶಾಸನವೆಂದು ಹೇಳಿದ ನನ್ನಂಥ ಲೇಖಕರ ಮೇಲೆ.

ಶಾಸನಗಳು ಹೇಳುವುದೇನು? ಶಾಂತಲೆಯ ತಂದೆ ಮಾರಸಿಂಗಯ್ಯ ಶಿವಭಕ್ತ, ತಾಯಿ ಮಾಚಿಕಬ್ಬೆ ಜಿನಭಕ್ತೆ. ಪ್ರಭಾಚಂದ್ರ ಸಿದ್ಧಾಂತದೇವರು ಅವಳ ಗುರುಗಳು. 1123ರಲ್ಲಿ ಅವಳು ಚಂದ್ರಗಿರಿಯ ಮೇಲೆ ಶಾಂತಿನಾಥನ ಬಸದಿಯನ್ನು ಮಾಡಿಸಿದಳು. ಅವಳ ಬಿರುದಿನಿಂದಲೇ ಅದಕ್ಕೆ ಸವತಿಗಂಧವಾರಣ ಬಸದಿಯೆಂದು ಹೆಸರು. ಅವಳ ಇನ್ನೊಂದು ಬಿರುದು ‘ಸಮ್ಯಕ್ತ್ವಚೂಡಾಮಣಿ’. 1131ರಲ್ಲಿ ಅವಳು ಶಿವಗಂಗೆಯಲ್ಲಿ ತೀರಿಕೊಂಡಳು. ಆ ಬಳಿಕ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಗುರುಗಳ ಸಮ್ಮುಖದಲ್ಲಿ ಸಂನ್ಯಸನವನ್ನು ಸ್ವೀಕರಿಸಿ, ಒಂದು ತಿಂಗಳ ಉಪವಾಸದಿಂದ ದೇಹತ್ಯಾಗ ಮಾಡಿದಳು. ಬೆಟ್ಟದಿಂದ ಧುಮುಕಿದ ಮಾತು ಅಲ್ಲಿಲ್ಲ. ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಎರಡನೆಯ ಸಂಪುಟವನ್ನು ಬಿ. ಲೂಯಿ ರೈಸ್ ಅವರು 1889ರಲ್ಲಿ ಪ್ರಕಟಿಸಿದರು, ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದರು. ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆ 1973ರಲ್ಲಿ ಹೊಸ ಆವೃತ್ತಿಯನ್ನು ತಂದಿತು. ಇಷ್ಟು ಸುಲಭವಾಗಿ ಕೈಗೆಟಕುವ ಗ್ರಂಥವನ್ನು ನಾನು ಅಂದು ತೆರೆದಿರಲಿಲ್ಲ.

ಇದು ಬರಿಯ ವಿದ್ವಾಂಸರ ಜಗಳವಲ್ಲ. ಗಿರಿಪಾತ, ಅಗ್ನಿಪಾತಗಳನ್ನು ಪುಣ್ಯವೆಂದು ಭಾವಿಸುವುದನ್ನು ಸಮಂತಭದ್ರರು ಲೋಕಮೂಢತೆಯೆಂದು ಸ್ಪಷ್ಟವಾಗಿ ಹೆಸರಿಸಿದ್ದಾರೆ. ಸಮ್ಯಕ್ತ್ವವುಳ್ಳವನು ತೊರೆಯಬೇಕಾದ ಮೂಢತೆಗಳಲ್ಲಿ ಅದು ಮೊದಲಿನದು. ಸಮ್ಯಕ್ತ್ವಚೂಡಾಮಣಿಯೆಂದು ಕಲ್ಲಿನ ಮೇಲೆ ಕೊಂಡಾಡಿಸಿಕೊಂಡವಳ ಕೊರಳಿಗೆ ನಾವು ಅದೇ ಮೂಢತೆಯನ್ನು ಹಾರವಾಗಿ ತೊಡಿಸಿ, ತ್ಯಾಗವೆಂದು ಕಣ್ಣೀರಿಡುತ್ತಿದ್ದೇವೆ. 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಸಂಥಾರಾ ವ್ರತವನ್ನು ಆತ್ಮಹತ್ಯೆಗೆ ಸಮನೆಂದು ಹೇಳಿದಾಗ ದೇಶದ ಜೈನಸಮಾಜವೆಲ್ಲ ಬೀದಿಗಿಳಿಯಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು. ಸಲ್ಲೇಖನ ಬೇರೆ, ಆತ್ಮಘಾತ ಬೇರೆಯೆಂದು ನಾವು ನ್ಯಾಯಾಲಯದ ಮುಂದೆ ಹೇಳುತ್ತೇವೆ. ನಮ್ಮದೇ ಸ್ಮರಣಸಂಚಿಕೆಗಳಲ್ಲಿ ಆತ್ಮಘಾತದ ಕಥೆಯನ್ನು ಧರ್ಮಪ್ರಭಾವನೆಯೆಂಬಂತೆ ಅಚ್ಚುಹಾಕಿದರೆ ನಮ್ಮ ಮಾತಿಗೆ ಏನು ಬೆಲೆ?

ಗಾಣದ ಕಥೆ

ಎರಡನೆಯ ಕಥೆ ಇನ್ನೂ ಕಹಿಯಾದದ್ದು. ವಿಷ್ಣುವರ್ಧನನು ರಾಮಾನುಜಾಚಾರ್ಯರ ಪ್ರಭಾವದಿಂದ ವೈಷ್ಣವನಾದ ಮೇಲೆ ಜೈನರನ್ನು ಗಾಣದಲ್ಲಿ ಅರೆಸಿದನು, ಆ ಪಾಪಕ್ಕೆ ದೋರಸಮುದ್ರದ ಬಳಿ ಭೂಮಿ ಬಿರಿಯಿತು ಎಂದು ಅನಂತರದ ಕಾಲದ ಸ್ಥಳಪುರಾಣಗಳೂ ಬಾಯಿಮಾತೂ ಹೇಳುತ್ತವೆ. ಈ ಕಥೆಯನ್ನು ನಾನು ಬಾಲ್ಯದಲ್ಲಿ ಅಜ್ಜಿಯ ಬಾಯಿಂದ ಕೇಳಿದ್ದೆ. ಅದನ್ನು ಹೇಳುವಾಗಲೂ ಕೇಳುವಾಗಲೂ ಒಂದು ಬಗೆಯ ಸುಖವಿದೆಯೆಂದು ಒಪ್ಪಿಕೊಳ್ಳುತ್ತೇನೆ. ನಮಗೆ ಅನ್ಯಾಯವಾಯಿತು, ಅನ್ಯಾಯ ಮಾಡಿದವನಿಗೆ ಭೂಮಿಯೇ ಶಿಕ್ಷೆ ಕೊಟ್ಟಿತು ಎಂಬ ಆ ಸುಖ ದ್ವೇಷದಿಂದ ಹುಟ್ಟಿದ್ದು. ಸಮಂತಭದ್ರರು ದುಃಶ್ರುತಿಯ ಲಕ್ಷಣದಲ್ಲಿ ದ್ವೇಷವನ್ನು ಹೆಸರಿಸಿ ಹೇಳಿದ್ದು ಸುಮ್ಮನಲ್ಲ.

ಸಮಕಾಲೀನ ದಾಖಲೆಗಳನ್ನು ನೋಡಿ. ಬೇಲೂರಿನಲ್ಲಿ ವಿಜಯನಾರಾಯಣ ದೇವಾಲಯ ಪ್ರತಿಷ್ಠೆಯಾದದ್ದು 1117ರಲ್ಲಿ. ಪಟ್ಟಮಹಿಷಿ ಬಸದಿಯನ್ನು ಕಟ್ಟಿಸಿದ್ದು ಅದಾದ ಆರು ವರ್ಷಗಳ ಮೇಲೆ. 1125ರಲ್ಲಿ ವಿಷ್ಣುವರ್ಧನನು ಶಲ್ಯದಲ್ಲಿ ಶ್ರೀಪಾಲ ತ್ರೈವಿದ್ಯದೇವರಿಗೆ ದತ್ತಿ ಬಿಟ್ಟನು. ಜಿನಭಕ್ತನಾದ ಗಂಗರಾಜನು ಸಾಯುವವರೆಗೂ ಅವನ ದಂಡನಾಯಕನಾಗಿದ್ದನು. ಗಂಗರಾಜನ ನೆನಪಿಗೆ ಮಗ ಬೊಪ್ಪನು 1133ರಲ್ಲಿ ದೋರಸಮುದ್ರದಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಪ್ರತಿಷ್ಠೆಯ ಪ್ರಸಾದ ಬಂಕಾಪುರದಲ್ಲಿದ್ದ ಅರಸನಿಗೆ ತಲಪಿದಾಗ ಅವನು ಶತ್ರುವನ್ನು ಗೆದ್ದಿದ್ದನು, ಗಂಡುಮಗು ಹುಟ್ಟಿದ ಸುದ್ದಿಯೂ ಬಂದಿತ್ತು. ಎದ್ದು ನಿಂತು ಕೈಮುಗಿದು ಪ್ರಸಾದವನ್ನು ಸ್ವೀಕರಿಸಿ, ದೇವರಿಗೆ ವಿಜಯಪಾರ್ಶ್ವನೆಂದೂ ಮಗುವಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನು. ಗಾಣದ ಕಥೆಯ ಅರಸನಿಗೂ ಈ ಅರಸನಿಗೂ ಹೊಂದಿಕೆಯೆಲ್ಲಿ?

ಇಂಗ್ಲೆಂಡಿನ ಮೂರನೆಯ ರಿಚರ್ಡನ ಪ್ರಕರಣ ಇಲ್ಲಿ ನೆನಪಿಗೆ ಬರುತ್ತದೆ. 1485ರ ಆಗಸ್ಟ್ 22ರಂದು ಬಾಸ್‌ವರ್ಥ್ ಕದನದಲ್ಲಿ ಮಡಿದ ಅವನನ್ನು ಗೆದ್ದ ಟ್ಯೂಡರ್ ಮನೆತನದ ಕಾಲದ ಬರಹಗಾರರು ಗೂನುಬೆನ್ನಿನ, ಸೊರಗಿದ ತೋಳಿನ ರಾಕ್ಷಸನೆಂದು ಚಿತ್ರಿಸಿದರು. ಷೇಕ್ಸ್‌ಪಿಯರನ ನಾಟಕ ಆ ಚಿತ್ರವನ್ನು ಲೋಕಕ್ಕೆಲ್ಲ ಹಬ್ಬಿಸಿತು. 2012ರಲ್ಲಿ ಲೆಸ್ಟರ್ ನಗರದ ಒಂದು ಕಾರು ನಿಲ್ದಾಣದ ನೆಲದಡಿಯಲ್ಲಿ ಅವನ ಅಸ್ಥಿಪ೦ಜರ ದೊರೆಯಿತು. ಬೆನ್ನುಮೂಳೆ ಪಕ್ಕಕ್ಕೆ ಬಾಗಿದ್ದು ನಿಜ. ತೋಳು ಸೊರಗಿದ್ದು ಸುಳ್ಳು. ಎಳೆಯ ಸೋದರಳಿಯರ, ಅಂದರೆ ಅಣ್ಣನ ಮಕ್ಕಳ, ಕೊಲೆಯ ಆರೋಪದ ಬಗ್ಗೆ ಎಲುಬುಗಳು ಏನನ್ನೂ ಹೇಳಲಿಲ್ಲ. ದಾಖಲೆಯ ಗುಣವೇ ಅದು. ನಾವು ಕೇಳಬಯಸಿದ್ದನ್ನೆಲ್ಲ ಅದು ಹೇಳುವುದಿಲ್ಲ. ಹೇಳಿದಷ್ಟನ್ನು ಮಾತ್ರ ನಾವು ಹೇಳಬಹುದು.

ಹಾಗೆಂದು ಜೈನರಿಗೆ ಈ ನಾಡಿನಲ್ಲಿ ಎಂದೂ ತೊಂದರೆಯಾಗಲಿಲ್ಲವೆಂದು ಬರೆದರೆ ಅದೂ ಸುಳ್ಳೇ. 1368ರಲ್ಲಿ ಭವ್ಯರು ಬುಕ್ಕರಾಯನ ಬಳಿ ಹೋಗಿ ಭಕ್ತರಿಂದ ತಮಗಾಗುತ್ತಿದ್ದ ಅನ್ಯಾಯವನ್ನು ಬಿನ್ನವಿಸಿಕೊಂಡರು. ಅರಸನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ವಿಧಿಸಿದನು. ಮನೆಗೆ ವರ್ಷಕ್ಕೊಂದು ಹಣದಂತೆ ಜೈನರಿಂದ ಸಂಗ್ರಹಿಸಿ, ಅದರಿಂದ ಬೆಳಗೊಳದಲ್ಲಿ ಇಪ್ಪತ್ತು ಮಂದಿ ಕಾವಲಿನವರನ್ನಿಡಬೇಕು, ಉಳಿದದ್ದನ್ನು ಜೀರ್ಣಜಿನಾಲಯಗಳಿಗೆ ಸುಣ್ಣ-ಗಾರೆಗೆ ಬಳಸಬೇಕೆಂದೂ ಗೊತ್ತುಮಾಡಿದನು. ಆ ಶಾಸನ ಶ್ರವಣಬೆಳಗೊಳದಲ್ಲಿದೆ. ಮಾಗಡಿಯ ಬಳಿಯ ಕಲ್ಯದಲ್ಲೂ ಇದೆ. ದೂರು, ತೀರ್ಪು, ಮೊತ್ತ, ಖರ್ಚಿನ ವಿವರ ಎಲ್ಲವೂ ಅಲ್ಲಿ ನಮೂದಾಗಿವೆ. ನಮ್ಮ ಕಷ್ಟವನ್ನು ಹೇಳಿಕೊಳ್ಳಲು ಇಂಥ ದಾಖಲೆ ಇರುವಾಗ ಗಾಣದ ಕಥೆಯ ಅಗತ್ಯವಿಲ್ಲ. ಸುಳ್ಳು ದೂರನ್ನು ಸೇರಿಸಿದರೆ ನಿಜವಾದ ದೂರನ್ನೂ ಯಾರೂ ನಂಬುವುದಿಲ್ಲ.

ಉಪಸಂಹಾರ

‘ತತ್ತ್ವಾರ್ಥಸೂತ್ರ’ದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೂ ಒಂದು. ವ್ಯಾಪಾರಿಗಳಾದ ನಾವು ಅದನ್ನು ಸುಳ್ಳು ಲೆಕ್ಕಪತ್ರವೆಂದಷ್ಟೇ ತಿಳಿದಿದ್ದೇವೆ. ಬೇರೆಯವರು ಹೇಳದಿದ್ದುದನ್ನು ಹೇಳಿದರೆಂದು ಬರೆಯುವುದೂ ಅದರಲ್ಲಿ ಸೇರುತ್ತದೆ. ಶಾಸನ ಹೇಳದ್ದನ್ನು “ಶಾಸನಗಳು ಹೇಳುವಂತೆ” ಎಂದು ಬರೆದ ನಾನು ಮಾಡಿದ್ದು ಅದನ್ನೇ. ನಲವತ್ತು ವರ್ಷ ಅಂಗಡಿಯ ಖಾತೆಯಲ್ಲಿ ಒಂದು ಕಾಸಿನ ವ್ಯತ್ಯಾಸ ಬಂದರೂ ರಾತ್ರಿ ಕುಳಿತು ಹುಡುಕಿದವನಿಗೆ, ಒಬ್ಬ ರಾಣಿಯ ಸಾವನ್ನೂ ಒಬ್ಬ ರಾಜನ ಮೇಲಿನ ಕೊಲೆಯ ಆರೋಪವನ್ನೂ ರುಜುವಾತಿಲ್ಲದೆ ಜಮೆ ಮಾಡಿದ್ದೇನೆಂದು ತಿಳಿಯಲು ಇಷ್ಟು ಕಾಲ ಹಿಡಿಯಿತು.

ಟ್ರಸ್ಟಿನವರಿಗೆ ಆ ಎರಡು ಭಾಗಗಳನ್ನು ತೆಗೆದುಹಾಕಿ ಎಂದು ಬರೆದೆ. ಅವರಲ್ಲೊಬ್ಬರು ಫೋನಿನಲ್ಲಿ, “ಜನ ಓದುವುದೇ ಆ ಎರಡು ಪುಟ, ಅದನ್ನೇ ತೆಗೆದರೆ ಇನ್ನೇನು ಉಳಿಯಿತು ಸಾರ್?” ಎಂದು ಬೇಸರಪಟ್ಟರು. ಅವರ ಮಾತಿನಲ್ಲಿ ರಾಜಕಥೆಯ ಕಷ್ಟವೆಲ್ಲ ಅಡಗಿದೆ. ಉಳಿಯುವುದು ಸಾಕಷ್ಟಿದೆಯೆಂದು ತೋರಿಸಲೆಂದೇ ಮಾಚಿಕಬ್ಬೆಯ ಒಂದು ತಿಂಗಳ ವ್ರತವನ್ನೂ, ವಿಜಯಪಾರ್ಶ್ವನ ಪ್ರಸಾದವನ್ನೂ, ಬುಕ್ಕರಾಯನ ತೀರ್ಪನ್ನೂ ಸೇರಿಸಿ ಹೊಸದಾಗಿ ಬರೆದು ಕಳುಹಿಸಿದ್ದೇನೆ. ಐತಿಹ್ಯಗಳನ್ನು ಪೂರ್ತಿ ಬಿಡಬೇಕೆಂದು ನಾನು ಹೇಳುವುದಿಲ್ಲ. ಐತಿಹ್ಯವೆಂದೇ ಹೆಸರಿಸಿ, ಶಾಸನದ ಸಂಗತಿಗಳಿಂದ ಬೇರೆಯಾಗಿ, ಸಂಪುಟದ ಆಧಾರದೊಡನೆ ಅಚ್ಚುಮಾಡಬಹುದು. ಬಸದಿಗಳ ಪರಿಚಯ ಪುಸ್ತಿಕೆಗಳನ್ನು ಹೊರತರುವ ಎಲ್ಲ ಟ್ರಸ್ಟುಗಳೂ ಈ ಒಂದು ನಿಯಮವನ್ನು ಪಾಲಿಸಬೇಕೆಂದು ವಿನಂತಿಸುತ್ತೇನೆ.

ನನ್ನನ್ನು ಪ್ರಶ್ನಿಸಿದ ಹಿರಿಯರಿಗೆ ನಾನು ಕೊಡಬಹುದಾದ ಉತ್ತರ ಇಷ್ಟೆ. ಕೆಳಗಿನ ಮೂರು ಸಾಲುಗಳನ್ನು ನಾನು ತೆಗೆದಿಲ್ಲ. ಅರಸರ ಕಥೆಯಲ್ಲಿ ನನಗೆ ಇನ್ನೂ ರುಚಿಯಿದೆ. ಇಲ್ಲವೆಂದರೆ ಅದು ಇನ್ನೊಂದು ಅಸತ್ಯವಾದೀತು. ಆದರೆ ಓದಿ ಮುಗಿಸಿದ ರಾತ್ರಿ ಪ್ರತಿಕ್ರಮಣಕ್ಕೆ ಕುಳಿತಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತೇನೆ: ಇಂದು ಯಾರ ಸೋಲನ್ನು ಬಯಸಿದೆ? ಯಾರು ಬೆಲೆ ತೆತ್ತರೆಂದು ನೋಡಿದೆನೆ? ಆಧಾರವಿಲ್ಲದ ಯಾವ ಮಾತನ್ನು ನಂಬಿದೆ? ಹಳೇಬೀಡಿನ ಬಸದಿಯ ಶಾಸನದಲ್ಲಿ ಗಂಗರಾಜನು ಏಳು ನರಕಗಳನ್ನು ಎಣಿಸಿದನೆಂದಿದೆ. ಯುದ್ಧದಲ್ಲಿ ಅಂಜುವುದನ್ನೂ ಅವನು ಅದರಲ್ಲಿ ಸೇರಿಸಿದ್ದಾನೆ. ಅದು ಸೇನಾನಿಯ ಮಾತು, ಅದನ್ನು ನಾವು ವಿಮರ್ಶಿಸಬಹುದು. ಸುಳ್ಳು ನುಡಿಯುವುದೂ ಆ ಪಟ್ಟಿಯಲ್ಲಿದೆ. ಅದರ ವಿಷಯದಲ್ಲಿ ಆ ಸೇನಾನಿಗೂ ಈ ಅಂಗಡಿಯವನಿಗೂ ಭಿನ್ನಾಭಿಪ್ರಾಯವಿಲ್ಲ. ನನ್ನ ಹಳೆಯ ಲೇಖನವನ್ನು ಓದಿ ನಂಬಿದ ಎಲ್ಲ ಧರ್ಮಬಂಧುಗಳಲ್ಲಿ ಕ್ಷಮೆ ಬೇಡುತ್ತೇನೆ. ಮಿಚ್ಛಾ ಮಿ ದುಕ್ಕಡಂ.